ಚಂದಾ ಕೊಟ್ಟ ಕೈ ಕರಣೆಯನ್ನೂ ಹಿಡಿಯಲಿ

(ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಸ್ವಯಂಸೇವಕ ಯುವಜನರನ್ನೂ ಅವರ ಕುಟುಂಬದವರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)





ಶುಕ್ರವಾರದಂದು ನಮ್ಮಲ್ಲಿ ಅನೇಕರು ಪವಿತ್ರ ಕುರ್‌ಆನಿನ ‘ಅಲ್‌ಕಹ್‌ಫ್’ ಅಧ್ಯಾಯವನ್ನು ಓದುವ ರೂಢಿ ಇಟ್ಟುಕೊಂಡಿದ್ದಾರೆ. ಆ ಅಧ್ಯಾಯವೆಂದೊಡನೆ ಗುಹೆಯಲ್ಲಿ ನಿದ್ರಿಸಿದ ಯುವಕರ ವೃತ್ತಾಂತ ನೆನಪಾಗುತ್ತದೆ. ಆದರೆ ಅದೇ ಅಧ್ಯಾಯದಲ್ಲಿ ಎರಡು ಗೋಡೆಗಳ ವೃತ್ತಾಂತವೂ ಇದೆ. ಪ್ರವಾದಿ ಮೂಸಾ(ಅ) ಮತ್ತು ಅವರು ಜ್ಞಾನಾರ್ಜನೆಗಾಗಿ ಹಿಂಬಾಲಿಸಿದ ಖಿಝ್‌ರ್(ಅ) ಒಂದು ಊರಿಗೆ ಬರುತ್ತಾರೆ. ಊರಿನವರು ಅವರಿಗೆ ಆಹಾರ ಕೊಡಲು ಒಪ್ಪುವುದಿಲ್ಲ. ಅದೇ ಊರಿನಲ್ಲಿ ಇನ್ನೇನು ಬೀಳಲಿದ್ದ ಗೋಡೆಯೊಂದನ್ನು ಖಿಝ್‌ರ್(ಅ) ನೆಟ್ಟಗೆ ನಿಲ್ಲಿಸುತ್ತಾರೆ, ಕೂಲಿಯನ್ನೂ ಕೇಳುವುದಿಲ್ಲ. ಆ ಗೋಡೆ ಇಬ್ಬರು ಅನಾಥ ಬಾಲಕರದೆಂದೂ, ಅವರಿಗೆ ಸೇರಬೇಕಾದ ನಿಧಿ ಅದರ ಅಡಿಯಲ್ಲಿದೆಯೆಂದೂ ಅನಂತರ ತಿಳಿಯುತ್ತದೆ. ಎರಡನೆಯದು ದುಲ್‌ಕರ್‌ನೈನರ ಗೋಡೆ. ಯಅ್‌ಜೂಜ್ ಮಅ್‌ಜೂಜರ ಹಾವಳಿಯಿಂದ ಕಂಗೆಟ್ಟ ಜನರು, ನಾವು ಹಣ ಕೊಡುತ್ತೇವೆ, ನಮಗೊಂದು ತಡೆಗೋಡೆ ಕಟ್ಟಿಕೊಡಿ ಎನ್ನುತ್ತಾರೆ. ಅವರು ಹಣ ಪಡೆಯುವುದಿಲ್ಲ. ನನ್ನ ಪ್ರಭು ನನಗೆ ಕೊಟ್ಟಿರುವುದೇ ಮೇಲು, ನೀವು ನಿಮ್ಮ ಶ್ರಮಬಲದಿಂದ ನೆರವಾಗಿರಿ ಎಂಬ ಆಶಯದ ಮಾತನ್ನಾಡಿ, ಕಬ್ಬಿಣದ ತುಂಡುಗಳನ್ನು ತರಿಸಿ, ಬೆಂಕಿ ಊದಿಸಿ, ಕರಗಿದ ತಾಮ್ರವನ್ನು ಅದರ ಮೇಲೆ ಸುರಿಯುತ್ತಾರೆ. ಅವರಿಗೆ ಜನರ ಬಲವೂ ಗೊತ್ತಿತ್ತು, ತಾನು ಬಳಸುವ ವಸ್ತುವಿನ ಗುಣವೂ ಗೊತ್ತಿತ್ತು.

ನಮ್ಮ ಸಮುದಾಯ ಹಣ ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲ. ರಮಝಾನ್ ಬಂತೆಂದರೆ ಝಕಾತ್ ಲೆಕ್ಕ ಹಾಕುತ್ತೇವೆ, ಪ್ರವಾಹ ಬಂತೆಂದರೆ ಮಸೀದಿಯ ಬಾಗಿಲಲ್ಲಿ ಚಾದರ ಹಾಸುತ್ತೇವೆ. ಕೈಯ ಬಲವನ್ನು ಕೊಡಿರೆಂದರೆ ಮಾತ್ರ ನಮ್ಮಲ್ಲಿ ಒಂದು ಬಗೆಯ ಮೌನ ಆವರಿಸುತ್ತದೆ. ಆ ಬಲವನ್ನು ಉಪಯೋಗಿಸುವ ವಿದ್ಯೆಯನ್ನು ಕಲಿಯಿರೆಂದರಂತೂ ಅದು ತಮಗೆ ಸಂಬಂಧಿಸಿದ್ದಲ್ಲವೆಂದೇ ವಿದ್ಯಾವಂತ ಯುವಕರು ಭಾವಿಸುತ್ತಾರೆ. ಇಂದು ನಾವು ಕೇಳಲು ಬಂದಿರುವುದು ಅದನ್ನೇ.

ದಾನದ ಮನೆಗಳು ನಮ್ಮಲ್ಲಿ ಹೇಗೆ ಏಳುತ್ತವೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಕಮಿಟಿಯವರು ಹಣ ಕೂಡಿಸುತ್ತಾರೆ. ಯಾರು ಕಡಿಮೆ ಮೊತ್ತಕ್ಕೆ ಒಪ್ಪುತ್ತಾರೋ ಅವರಿಗೆ ಗುತ್ತಿಗೆ ಹೋಗುತ್ತದೆ. ಕಮಿಟಿಯಲ್ಲಿ ಬಟ್ಟೆ ವ್ಯಾಪಾರಿ ಇರುತ್ತಾರೆ, ನಿವೃತ್ತ ಶಿಕ್ಷಕರಿರುತ್ತಾರೆ, ವಕೀಲರಿರುತ್ತಾರೆ. ಎಲ್ಲರೂ ಪ್ರಾಮಾಣಿಕರೇ. ಆದರೆ ಗಾರೆಗೆ ಎಷ್ಟು ಸಿಮೆಂಟು ಬಿತ್ತು, ಮೋಲ್ಡಿಗೆ ಎಷ್ಟು ದಿನ ನೀರು ನಿಲ್ಲಿಸಿದರು ಎಂದು ನೋಡಿ ಹೇಳಬಲ್ಲವರು ಅವರಲ್ಲಿ ಒಬ್ಬರೂ ಇರುವುದಿಲ್ಲ. ಬೀಗದ ಕೈ ಹಸ್ತಾಂತರದ ದಿನ ಹೂಮಾಲೆ, ಛಾಯಾಚಿತ್ರ, ಭಾಷಣ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಾಡು ಸೋರುತ್ತದೆ, ಗೋಡೆ ಬೆವರುತ್ತದೆ, ಗಿಲಾಯಿ ಹಪ್ಪಳದಂತೆ ಎದ್ದು ಬರುತ್ತದೆ. ಒಳಗಿರುವವಳು ವಿಧವೆ. ಅವಳು ಯಾರಲ್ಲಿ ದೂರುವುದು? ದೂರಿದರೆ, ಪುಕ್ಕಟೆಯಾಗಿ ಕೊಟ್ಟದ್ದಕ್ಕೂ ಕೊಂಕು ನುಡಿಯುತ್ತಾಳೆಂಬ ಮಾತು ಮೊಹಲ್ಲಾದ ತುಂಬ ಹರಡುತ್ತದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ಕನ್ನಡದಲ್ಲಿದೆ. ಈ ಗಾದೆಯಲ್ಲಿ ನಮ್ಮ ಸಹಾನುಭೂತಿ ಮೊಳ ಹಾಕಿದವಳ ಕಡೆಗಿದೆ. ಅವಳು ಅಳೆಯಲಿ. ದಟ್ಟಿ ಗಿಡ್ಡವಾಗಿದ್ದರೆ ಅದನ್ನು ಹೇಳುವ ಹಕ್ಕು ಉಟ್ಟುಕೊಳ್ಳುವವಳಿಗಲ್ಲದೆ ಮತ್ತಾರಿಗಿದೆ? ಝಕಾತ್ ಬಡವರ ಹಕ್ಕೆಂದು ನಾವು ವೇದಿಕೆಗಳಲ್ಲಿ ಸಾರುತ್ತೇವೆ. ಹಕ್ಕೆಂದ ಮೇಲೆ ಅದನ್ನು ಅಳೆದು ನೋಡುವ ಅಧಿಕಾರವೂ ಅದರ ಜೊತೆಗೇ ಬರುತ್ತದೆ.

ಈ ಮಾತನ್ನು ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಜನರ ಮುಂದೆ ಹೇಳುವುದಕ್ಕೆ ವಿಶೇಷ ಕಾರಣವಿದೆ. ಮನೆಯೆಂಬುದು ಇನ್ನೊಬ್ಬರು ಕೊಟ್ಟು ಇನ್ನೊಬ್ಬರು ಕಸಿಯುವ ವಸ್ತುವಾದರೆ ಏನಾಗುತ್ತದೆಂಬುದನ್ನು ಈ ನೆಲಕ್ಕಿಂತ ಚೆನ್ನಾಗಿ ಬಲ್ಲ ನೆಲ ಕರ್ನಾಟಕದಲ್ಲಿ ಕಡಿಮೆ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿ ಗಣಿಗಾರಿಕೆಗೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ತು ಬಂತು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಮನುಷ್ಯರು ಇಳಿದರು. ಮೇಲೆ ಬಂದಾಗ ಅವರಿಗಿದ್ದುದು ಲೈನ್ ಮನೆಗಳು: ಒಂದು ಕೋಣೆ, ಒಂದು ಒಲೆ, ಸಾಲಿಗೆ ಸಾಲು. ಮನೆ ಕಂಪೆನಿಯದು, ದುರಸ್ತಿ ಕಂಪೆನಿಯದು, ನೆಲ ಕಂಪೆನಿಯದು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಸಂಬಳ ನಿಂತದ್ದಷ್ಟೇ ಅಲ್ಲ, ಮಾಡಿನ ಮೇಲಿನ ತಗಡು ಬದಲಿಸುವವರೂ ಇಲ್ಲವಾದರು. ತಲೆಮಾರುಗಳ ಕಾಲ ಬಂಗಾರ ತೆಗೆದುಕೊಟ್ಟವರ ಮಕ್ಕಳು ಟಾರ್ಪಾಲು ಹೊದಿಸಿಕೊಂಡು ಮಳೆಗಾಲ ಕಳೆಯಬೇಕಾಯಿತು. ಲಾಭ ಬರುವಾಗ ನಾಡಿನ ಹೆಮ್ಮೆ, ನಷ್ಟವಾದಾಗ ಕಾರ್ಮಿಕನ ಹಣೆಬರಹ. ಸರಕಾರಗಳು ಬದಲಾದರೂ ಈ ನೀತಿ ಬದಲಾಗಲಿಲ್ಲ.

ಅಂದಿನಿಂದ ಮಾರಿಕುಪ್ಪಂ, ಊರಿಗಾಂ, ಬಂಗಾರಪೇಟೆಯ ನಿಲ್ದಾಣಗಳಲ್ಲಿ ಬೆಳಗಿನ ಜಾವ ಏನು ನಡೆಯುತ್ತದೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಸಾವಿರಾರು ಮಂದಿ ಬೆಂಗಳೂರಿನ ರೈಲು ಹತ್ತುತ್ತಾರೆ. ಕಚೇರಿಗಳಿಗೆ, ಕಾರ್ಖಾನೆಗಳಿಗೆ ಹೋಗುವವರ ನಡುವೆ ಗಾರೆ ಕೆಲಸದವರೂ, ಟೈಲ್ಸ್ ಹಾಕುವವರೂ, ಬಣ್ಣ ಬಳಿಯುವವರೂ, ಸೆಂಟ್ರಿಂಗ್ ಕೆಲಸದವರೂ ಇದ್ದಾರೆ. ರಾಜಧಾನಿಯ ಬಹುಮಹಡಿಗಳನ್ನು ನೆಟ್ಟಗೆ ನಿಲ್ಲಿಸಿದ ಕೈಗಳು ರಾತ್ರಿ ಹಿಂದಿರುಗಿ ಬರುವುದು ಸೋರುವ ಮಾಡಿನ ಕೆಳಗೆ. ಅಂದರೆ ನಮಗೆ ಬೇಕಾದ ವಿದ್ಯೆ ನಮ್ಮ ಮೊಹಲ್ಲಾದಲ್ಲೇ ಇದೆ. ಅದು ಮಸೀದಿಯ ಕೊನೆಯ ಸಾಲಿನಲ್ಲಿ, ಸಿಮೆಂಟು ಅಂಟಿದ ಬಟ್ಟೆ ಇತರರಿಗೆ ತಾಗೀತೆಂಬ ಸಂಕೋಚದಿಂದ ಮುದುಡಿ ಕುಳಿತಿದೆ.

ಇಲ್ಲಿ ಒಂದು ಕಹಿ ಮಾತು ಹೇಳಬೇಕು. ಹೆಣ್ಣು ಕೊಡುವಾಗ ಹುಡುಗ ಗಾರೆ ಕೆಲಸದವನೆಂದರೆ ಮುಖ ಹಿಂಡುವವರು ನಾವೇ. ವಿದೇಶದಲ್ಲಿ ಅದೇ ಕೆಲಸ ಮಾಡುವವನಾದರೆ ಅಡ್ಡಿಯಿಲ್ಲ! ಇಸ್ಲಾಮಿನಲ್ಲಿ ಮೇಲುಕೀಳಿಲ್ಲವೆಂದು ಹೇಳುವ ನಾಲಿಗೆಯೇ ‘ಅವರು ಕೂಲಿ ಜನ’ ಎಂದೂ ಹೇಳುತ್ತದೆ. ಮದೀನಾದ ಮಸೀದಿ ಹೇಗೆ ಕಟ್ಟಲ್ಪಟ್ಟಿತೆಂಬುದನ್ನು ಸ್ವಲ್ಪ ನೆನೆಯೋಣ. ತಳಕ್ಕೆ ಕಲ್ಲು, ಗೋಡೆಗೆ ಬಿಸಿಲಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆ, ಕಂಬಕ್ಕೆ ಖರ್ಜೂರದ ಕಾಂಡ, ಮಾಡಿಗೆ ಅದರ ಗರಿ. ಪ್ರವಾದಿವರ್ಯರು(ಸ) ಸ್ವತಃ ಇಟ್ಟಿಗೆ ಹೊತ್ತರು. ಇತರರು ಒಂದೊಂದು ಇಟ್ಟಿಗೆ ಹೊರುತ್ತಿದ್ದಾಗ ಅಮ್ಮಾರ್ ಬಿನ್ ಯಾಸಿರ್(ರ) ಎರಡೆರಡು ಹೊತ್ತದ್ದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ಈ ಪ್ರಸಂಗ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದಿದೆ. ಯಮಾಮದಿಂದ ಬಂದ ತಲ್ಕ್ ಬಿನ್ ಅಲಿ(ರ) ಎಂಬ ಸಹಾಬಿಗೆ ಮಣ್ಣು ಕಲಸುವ ಹದ ಚೆನ್ನಾಗಿ ತಿಳಿದಿತ್ತು. ಪ್ರವಾದಿವರ್ಯರು(ಸ) ಅವರ ಕೈಚಳಕವನ್ನು ಗುರುತಿಸಿ, ಮಣ್ಣಿನ ಕೆಲಸವನ್ನು ಅವರಿಗೇ ಬಿಡಿರೆಂದು ಹೇಳಿದ ವರದಿಯಿದೆ. ಉತ್ಸಾಹ ಎಲ್ಲರಲ್ಲೂ ಇತ್ತು, ಆದರೆ ಕೆಲಸ ಹೋದದ್ದು ಬಲ್ಲವನ ಕೈಗೆ. ನಮ್ಮ ತರಬೇತಿಯಲ್ಲಿ ಗುರುವಿನ ಸ್ಥಾನ ಮೇಸ್ತ್ರಿಯದು. ಇಂಜಿನಿಯರಿಂಗ್ ಪದವೀಧರನೂ ಅಲ್ಲಿ ಬಾಣಲಿ ಹೊರುವ ಶಿಷ್ಯನೇ.

ಇನ್ನು ಕಲಿಯುವುದೇನನ್ನು? ಭಾನುವಾರಗಳಲ್ಲಿ ಬಂದು ಹೋಗುವ ಸ್ವಯಂಸೇವಕರು ಪೂರ್ಣ ಪ್ರಮಾಣದ ಮೇಸ್ತ್ರಿಗಳಾಗಲಾರರು. ಅದಕ್ಕೆ ವರ್ಷಗಳೇ ಬೇಕು. ಹಾಗೆ ಆಗುವೆವೆಂಬ ಭ್ರಮೆಯೂ ಬೇಡ. ಆದರೆ ಒಂದು ಮನೆಯನ್ನು ಕೆಡಿಸುವ ತಪ್ಪುಗಳು ಹೆಚ್ಚಿಲ್ಲ, ಅವು ಪದೇ ಪದೇ ಅವೇ. ಅವುಗಳನ್ನು ಗುರುತಿಸುವ ಕಣ್ಣು, ಕೆಲವನ್ನು ಸರಿಪಡಿಸುವ ಕೈ ಎರಡೂ ಕೆಲವು ವಾರಗಳ ಕಲಿಕೆಯಿಂದ ಸಿದ್ಧಿಸುತ್ತವೆ.

ಮರಳಿನಿಂದ ಆರಂಭಿಸೋಣ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಯಂಗಳದ, ಹೊಲದ ಮಣ್ಣನ್ನು ತೊಳೆದು ‘ಫಿಲ್ಟರ್ ಮರಳು’ ಎಂದು ಮಾರುವ ದಂಧೆ ಈ ಭಾಗದಲ್ಲಿ ಎಷ್ಟು ಬೆಳೆದಿತ್ತೆಂಬುದು ನಿಮಗೆ ಗೊತ್ತು. ಅದು ಕಾನೂನುಬಾಹಿರ, ಕೆರೆಗಳನ್ನೂ ಹೊಲಗಳನ್ನೂ ನುಂಗುವ ಪಾಪ ಬೇರೆ. ಅದರಲ್ಲಿ ಉಳಿದ ಜೇಡಿ ಸಿಮೆಂಟಿನ ಹಿಡಿತವನ್ನು ಸಡಿಲಿಸುತ್ತದೆ. ಪರೀಕ್ಷೆಗೆ ಪ್ರಯೋಗಾಲಯ ಬೇಕಾಗಿಲ್ಲ. ಗಾಜಿನ ಬಾಟಲಿಯಲ್ಲಿ ಅರ್ಧದವರೆಗೆ ಮರಳು ಹಾಕಿ, ಉಪ್ಪು ಬೆರೆಸಿದ ನೀರು ತುಂಬಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಿರಿ. ಮರಳಿನ ಮೇಲೆ ಕೂತ ನಯವಾದ ಮಣ್ಣಿನ ಪದರ ನೂರಕ್ಕೆ ಎಂಟು ಪಾಲಿಗಿಂತ ದಪ್ಪವಾಗಿದ್ದರೆ ಆ ಮರಳನ್ನು ಹಿಂದಕ್ಕೆ ಕಳುಹಿಸಿರಿ. ಹತ್ತನೆಯ ತರಗತಿಯ ಹುಡುಗಿ ಅಡುಗೆಮನೆಯ ಕಿಟಕಿಯಲ್ಲಿಟ್ಟು ಮಾಡಬಹುದಾದ ಪರೀಕ್ಷೆ ಇದು. ಈಗ ಎಲ್ಲೆಡೆ ಬಳಕೆಯಲ್ಲಿರುವ, ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ಕೊಳ್ಳುವಾಗಲೂ ಅದರಲ್ಲಿ ಹಿಟ್ಟಿನಂತಹ ಪುಡಿ ಹೆಚ್ಚಾಗಿಲ್ಲವೇ ಎಂದು ನೋಡಬೇಕು.

ಕೆ.ಜಿ.ಎಫ್.ನವರಿಗೆ ಪ್ರತ್ಯೇಕವಾಗಿ ಹೇಳಬೇಕಾದ್ದೊಂದಿದೆ. ಸೈನೈಡ್ ದಿಬ್ಬಗಳಲ್ಲಿ ಬಿದ್ದಿರುವ ಗಣಿತ್ಯಾಜ್ಯ ಮೂರು ಕೋಟಿ ಟನ್ನಿಗೂ ಅಧಿಕ. ನೋಡಲು ನುಣುಪಾದ ಮರಳಿನಂತೆ, ಕೈಗೆಟುಕುವಷ್ಟು ಹತ್ತಿರ, ಕಾಸಿನ ಖರ್ಚಿಲ್ಲ. ದಾನದ ಮನೆಯಲ್ಲಿ ನಾಲ್ಕು ಕಾಸು ಉಳಿಸುವ ಆಸೆಯಿಂದ ಅದರತ್ತ ಯಾರೂ ಕೈ ಚಾಚಬಾರದು. ಗಾರೆಗೂ ಬೇಡ, ನೆಲ ತುಂಬಲೂ ಬೇಡ. ಮಕ್ಕಳು ತೆವಳುವ ನೆಲದ ಅಡಿಗೆ ಆ ಪುಡಿಯನ್ನು ಹಾಕುವುದು ಉಪಕಾರವಲ್ಲ.

ಸಿಮೆಂಟಿನ ವಿಷಯ. ದಾನಿಗಳು ಚೀಲ ಕಳುಹಿಸುತ್ತಾರೆ, ನಾವು ಮಸೀದಿಯ ಜಗಲಿಯಲ್ಲಿ ನೆಲದ ಮೇಲೆಯೇ ಪೇರಿಸಿ, ನಿವೇಶನದ ವ್ಯಾಜ್ಯ ಮುಗಿಯುವವರೆಗೆ ಕಾಯುತ್ತೇವೆ. ಸಿಮೆಂಟು ಗಾಳಿಯಲ್ಲಿನ ತೇವವನ್ನೇ ಕುಡಿದು ಸತ್ವಹೀನವಾಗುತ್ತದೆ. ಮೂರು ತಿಂಗಳಲ್ಲಿ ಅದರ ಬಲದ ಗಣನೀಯ ಪಾಲು ಇಳಿದಿರುತ್ತದೆ. ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು, ಮೊದಲು ಬಂದದ್ದನ್ನು ಮೊದಲು ಬಳಸಬೇಕು. ಇಟ್ಟಿಗೆ ಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಸಾಮಾನ್ಯ ಹದ. ಬುಟ್ಟಿಯಲ್ಲಿ ಅಳೆದು ಹಾಕಬೇಕೇ ಹೊರತು ಸಲಿಕೆಯ ಅಂದಾಜಿನಲ್ಲಲ್ಲ. ಮೋಲ್ಡಿನ ಕಾಂಕ್ರೀಟಿಗೆ ಐವತ್ತು ಕಿಲೋ ಚೀಲಕ್ಕೆ ಸುಮಾರು 25 ಲೀಟರು ನೀರು ಸಾಕು. ಸುರಿಯಲು ಸುಲಭವೆಂದು ಕೆಲಸಗಾರರು ಮತ್ತೊಂದು ಕೊಡ ಸುರಿಯುತ್ತಾರೆ. ಆ ಹೆಚ್ಚಿನ ನೀರು ಆರಿದ ಮೇಲೆ ಉಳಿಯುವ ಸೂಕ್ಷ್ಮ ರಂಧ್ರಗಳಿಂದಲೇ ಮುಂದೆ ಮಾಡು ಸೋರುವುದು, ಒಳಗಿನ ಕಂಬಿ ತುಕ್ಕು ಹಿಡಿಯುವುದು. ನೀರು ಬೆರೆಸಿದ ಗಾರೆಯನ್ನು ಗಂಟೆಗಟ್ಟಲೆ ಇಟ್ಟು, ಗಟ್ಟಿಯಾದಾಗ ಮತ್ತೆ ನೀರು ಚಿಮುಕಿಸಿ ಬಳಸುವುದೂ ಇಂತಹದೇ ಕಳ್ಳತನ. ಚಹಾಕ್ಕೆ ಹೋಗುವ ಮುನ್ನ ಕಲಸಿಡಬಾರದು, ಅಷ್ಟೇ.

ಇಟ್ಟಿಗೆ ಮಾಲೂರಿನದಾಗಲಿ ಮತ್ತೆಲ್ಲಿಯದಾಗಲಿ, ಬಳಸುವ ಮೊದಲು ನೀರಿನಲ್ಲಿ ಮುಳುಗಿಸಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡು ಅದನ್ನು ಬೂದಿ ಮಾಡುತ್ತದೆ. ಮೂಲೆ ನೇರವಿದೆಯೇ ಎಂದು ನೋಡಲು ಮೂರು ಅಡಿ, ನಾಲ್ಕು ಅಡಿ ಗುರುತು ಹಾಕಿ ಕರ್ಣ ಐದು ಅಡಿ ಬರುತ್ತದೆಯೇ ಎಂದು ದಾರ ಹಿಡಿದರೆ ಸಾಕು. ಶಾಲೆಯಲ್ಲಿ ಪೈಥಾಗೊರಸನ ಪ್ರಮೇಯವನ್ನು ಬಾಯಿಪಾಠ ಮಾಡಿದ ನಮ್ಮ ಹುಡುಗರಿಗೆ ಅದರ ಉಪಯೋಗ ಆಗ ಅರ್ಥವಾದೀತು. ನಾಲ್ಕೈದು ವರಸೆಗೊಮ್ಮೆ ತೂಕದ ಗುಂಡು ಬಿಡಬೇಕು, ರಸಮಟ್ಟ ಇಡಬೇಕು. ಕೆಳಗಿನ ಸಂದಿನ ನೇರಕ್ಕೆ ಮೇಲಿನ ಸಂದು ಬರಬಾರದು. ಒಂದು ದಿನದಲ್ಲಿ ಐದಡಿಗಿಂತ ಎತ್ತರಕ್ಕೆ ಗೋಡೆ ಏರಿಸಬಾರದು. ಗಣಿಯ ನೆತ್ತಿಯ ಮೇಲಿರುವ ಬಡಾವಣೆಗಳಲ್ಲಿ ಕಿಟಕಿ ಬಾಗಿಲುಗಳ ಮೇಲೆ ತುಂಡು ತುಂಡು ಲಿಂಟಲ್ ಬದಲು, ನಾಲ್ಕೂ ಗೋಡೆಗಳನ್ನು ಸುತ್ತುವರಿಯುವ ಕಾಂಕ್ರೀಟು ಪಟ್ಟಿಯನ್ನು ಹಾಕಿಸುವುದು ಲೇಸು. ಗಣಿ ನಡೆಯುತ್ತಿದ್ದಾಗ ಆಳದಲ್ಲಿ ಬಂಡೆ ಸಿಡಿದು ನೆಲ ನಡುಗುತ್ತಿದ್ದುದನ್ನು ಇಲ್ಲಿನ ಹಿರಿಯರು ಬಲ್ಲರು. ಗಣಿ ಮುಚ್ಚಿ ಸುರಂಗಗಳಲ್ಲಿ ನೀರು ತುಂಬಿಕೊಂಡಂತೆಯೂ ಕಂಪನಗಳು ದಾಖಲಾಗಿವೆ. ಪಟ್ಟಿಗೆ ತಗಲುವ ವೆಚ್ಚ ಒಂದು ಮದುವೆಯ ಶಾಮಿಯಾನದ ವೆಚ್ಚಕ್ಕಿಂತ ಕಡಿಮೆ.

ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಹಾಳುಮಾಡುವುದು ನೀರಿನ ಜಿಪುಣತನ. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ಗೋಡೆಗೆ ಕನಿಷ್ಠ ಏಳು ದಿನ, ಮೋಲ್ಡಿಗೆ ಹತ್ತು ದಿನಕ್ಕೂ ಮೇಲೆ ತೇವ ಆರದಂತೆ ನೋಡಿಕೊಳ್ಳಬೇಕು. ಮೋಲ್ಡಿನ ಕೆಳಗಿನ ಆಸರೆಯನ್ನು ಎರಡು ವಾರವಾದರೂ ತೆಗೆಯಬಾರದು. ಈಗ ನಮ್ಮ ಊರುಗಳ ಸ್ಥಿತಿ ನೋಡಿರಿ. ಕುಡಿಯಲಿಕ್ಕೇ ಟ್ಯಾಂಕರು ಕಾಯುವ ಬಡಾವಣೆಯಲ್ಲಿ ಗೋಡೆಗೆ ಯಾರು ನೀರು ಹಾಕುತ್ತಾರೆ? ಗುತ್ತಿಗೆದಾರ ಎರಡು ದಿನ ಚಿಮುಕಿಸಿ ಮುಂದಿನ ಕೆಲಸಕ್ಕೆ ಹೋಗುತ್ತಾನೆ. ಸ್ವಯಂಸೇವಕರ ನಿಜವಾದ ಪ್ರಯೋಜನ ಇರುವುದು ಇಲ್ಲಿಯೇ. ಒದ್ದೆ ಗೋಣಿಚೀಲ ಹೊದಿಸುವುದು, ಮೋಲ್ಡಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು, ಬೆಳಿಗ್ಗೆ ಸಂಜೆ ಸರದಿಯಂತೆ ಹೋಗಿ ನೋಡುವುದು, ಟ್ಯಾಂಕರಿನ ಹಣವನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಸೇರಿಸುವುದು. ಇದರಲ್ಲಿ ಕೌಶಲ್ಯ ಕಡಿಮೆ, ನಿಷ್ಠೆ ಹೆಚ್ಚು. ಛಾಯಾಚಿತ್ರವಂತೂ ಯಾರೂ ತೆಗೆಯುವುದಿಲ್ಲ!

ಕೈಹಾಕಬಾರದ ಕೆಲಸಗಳನ್ನೂ ಹೇಳಬೇಕು. ಮೋಲ್ಡಿನ ಕಂಬಿ, ಸೆಂಟ್ರಿಂಗ್, ವಿದ್ಯುತ್ ತಂತಿ, ಎತ್ತರದ ಸಾರುವೆ - ಇವು ಬಲ್ಲವರಿಗೆ ಮಾತ್ರ. ನೋಡಿ ಕಲಿಯಬಹುದು, ಮುಟ್ಟಬಾರದು. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ, ಕೈಗವಸು ಹಾಕದೆ ಕಲಸಬಾರದು. ಕಲ್ಲು, ಟೈಲ್ಸ್ ಕತ್ತರಿಸುವಾಗ ನೀರು ಹಾಕಿಯೇ ಕತ್ತರಿಸಬೇಕು. ಸಿಲಿಕೋಸಿಸ್ ಎಂದರೇನೆಂದು ಗಣಿ ಕಾರ್ಮಿಕರ ಕುಟುಂಬಗಳಿಗೆ ನಾವು ವಿವರಿಸಬೇಕಾಗಿಲ್ಲ. ಆ ಕಲ್ಲಿನ ಧೂಳು ಮತ್ತೊಂದು ತಲೆಮಾರಿನ ಎದೆಗೂಡಿಗೆ ಸೇರಬಾರದು. ಹದಿನೆಂಟು ತುಂಬದ ಹುಡುಗರಿಗೆ ಭಾರ ಹೊರಿಸಬಾರದು.

ಇಂತಹ ಕೆಲಸವನ್ನು ಜಗತ್ತಿನಲ್ಲಿ ಮಾಡಿದವರಿದ್ದಾರೆ. 1976ರಲ್ಲಿ ಅಮೇರಿಕದಲ್ಲಿ ಆರಂಭವಾದ ‘ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ’ ಎಂಬ ಕ್ರೈಸ್ತ ಸೇವಾಸಂಸ್ಥೆ ಸ್ವಯಂಸೇವಕರಿಂದಲೇ ಮನೆಗಳನ್ನು ಕಟ್ಟಿಸುತ್ತದೆ. ಮನೆ ಪಡೆಯುವ ಕುಟುಂಬವೂ ನಿಗದಿತ ಗಂಟೆಗಳಷ್ಟು ಬೆವರು ಸುರಿಸಬೇಕೆಂಬುದು ಅದರ ನಿಯಮ. ಅಮೇರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 2006ರಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ, ಮಹಾರಾಷ್ಟ್ರದ ಲೋಣಾವಳಾ ಬಳಿ ನೂರು ಮನೆಗಳನ್ನು ಕಟ್ಟುವ ಕಾರ್ಯದಲ್ಲಿ ತಾವೂ ದುಡಿದರು. ಅವರ ದೇಶದ ವಿದೇಶಾಂಗ ನೀತಿಯ ಬಗ್ಗೆ ನಮಗಿರುವ ಆಕ್ಷೇಪಗಳು ಹಾಗೆಯೇ ಇವೆ. ಆದರೆ ಮಾಜಿ ಪದಾಧಿಕಾರಿಗಳಾದೊಡನೆ ವೇದಿಕೆಯ ಕುರ್ಚಿಗೆ ಅಂಟಿಕೊಳ್ಳುವ ನಮ್ಮ ನಾಯಕರು ಆ ಸುತ್ತಿಗೆಯನ್ನು ಒಮ್ಮೆ ನೆನೆದರೆ ನಷ್ಟವೇನಿಲ್ಲ.

ಮತ್ತೊಂದು ದೃಷ್ಟಾಂತ ಎಚ್ಚರಿಕೆಯದು. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್‌ಹೀ 1940ರ ದಶಕದಲ್ಲಿ ಲಕ್ಸರ್ ಬಳಿ ‘ಹೊಸ ಗೂರ್ನಾ’ ಎಂಬ ಹಳ್ಳಿಯನ್ನು ಹಸಿ ಇಟ್ಟಿಗೆಯಿಂದ ಕಟ್ಟಿದರು. ಮರದ ಆಸರೆಯಿಲ್ಲದೆ ಕಮಾನು ಮಾಡು ಏರಿಸುವ ನೂಬಿಯಾದ ಮೇಸ್ತ್ರಿಗಳನ್ನು ಕರೆಸಿ ಸ್ಥಳೀಯರಿಗೆ ಆ ವಿದ್ಯೆ ಕಲಿಸಿದರು. ಬಡವರಿಗಾಗಿ ವಾಸ್ತುಶಿಲ್ಪ ಎಂಬ ವಿಚಾರ ಬಂದಾಗ ಜಗತ್ತು ಇಂದಿಗೂ ಅವರ ಹೆಸರು ಹೇಳುತ್ತದೆ. ಆದರೂ ಆ ಹಳ್ಳಿ ತುಂಬಲಿಲ್ಲ. ಹಳೆಯ ಊರಿನ ಜನ ಸ್ಥಳಾಂತರವನ್ನು ಬಯಸಿರಲಿಲ್ಲ, ಸರಕಾರವೇ ಅವರನ್ನು ಎಬ್ಬಿಸಲು ಹೊರಟಿತ್ತು. ಅಷ್ಟು ದೊಡ್ಡ ಕಲಾವಿದನ ಸುಂದರ ಮನೆಗಳೂ ಒಪ್ಪಿಗೆಯಿಲ್ಲದ ಕಡೆ ಖಾಲಿ ಉಳಿದವು. ಆದುದರಿಂದ ನಮ್ಮ ಯುವತಿಯರಿಗೆ ಮೊದಲನೆಯ ಕೆಲಸ: ಮನೆ ಪಡೆಯಲಿರುವ ತಾಯಿಯ ಬಳಿ ಕುಳಿತು ಕೇಳುವುದು. ಒಲೆ ಎಲ್ಲಿರಬೇಕು, ಬಟ್ಟೆ ಒಗೆಯುವ ಕಲ್ಲು ಎಲ್ಲಿರಬೇಕು, ವೃದ್ಧ ಅತ್ತೆ ರಾತ್ರಿ ಶೌಚಾಲಯಕ್ಕೆ ಎಷ್ಟು ಹೆಜ್ಜೆ ನಡೆಯಬಲ್ಲರು, ಹೊಲಿಗೆ ಯಂತ್ರಕ್ಕೆ ಬೆಳಕು ಯಾವ ಕಡೆಯಿಂದ ಬರಬೇಕು. ಬೀಡಿ ಕಟ್ಟುವ, ಹೊಲಿಯುವ, ಊದುಬತ್ತಿ ಹೊಸೆಯುವ ಮನೆಗಳಲ್ಲಿ ಕಿಟಕಿಯೆಂದರೆ ಗಳಿಕೆ. ಗಂಡಸರ ಕಮಿಟಿ ಬರೆದ ನಕ್ಷೆಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ.

ಅಗ್ಗದ ವಿಧಾನಗಳ ಬಗ್ಗೆ ಒಂದು ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ ‘ಅಸ್ತ್ರ’ ವಿಭಾಗ, ಮಣ್ಣಿಗೆ ಅಲ್ಪಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದ ಬ್ಲಾಕುಗಳನ್ನು ಬಳಕೆಗೆ ತಂದಿತು. ಸುಡುವ ಸೌದೆ ಬೇಡ, ಯಂತ್ರವನ್ನು ನಿವೇಶನಕ್ಕೇ ಒಯ್ಯಬಹುದು, ಹತ್ತು ಯುವಕರಿಗೆ ಒಂದು ಭಾನುವಾರದ ತುಂಬ ಕೆಲಸ. ಬಂಗಾರಪೇಟೆಯ ಕಡೆಯ ಕೆಂಪುಮಣ್ಣನ್ನು ಬಲ್ಲವರಿಂದ ಪರೀಕ್ಷಿಸಿ ಇದನ್ನು ಪ್ರಯತ್ನಿಸಬಹುದು. ಇಂತಹ ವಿಧಾನಗಳನ್ನು ಹರಡಲು, ಮೇಸ್ತ್ರಿಗಳಿಗೆ ತರಬೇತಿ ಕೊಡಲು ಎಂದೇ ನಿರ್ಮಿತಿ ಕೇಂದ್ರಗಳು ಹುಟ್ಟಿಕೊಂಡವು. ಕೋಲಾರದಲ್ಲೂ ಒಂದಿದೆ. ಅದನ್ನು ಸರಕಾರಿ ಕಟ್ಟಡ ಕಟ್ಟಿಸುವ ಕಚೇರಿಯೆಂದಷ್ಟೇ ತಿಳಿಯದೆ, ತರಬೇತಿ ಕೊಡಿರೆಂದು ನಾವು ಅರ್ಜಿ ಹಿಡಿದು ಹೋಗಬೇಕು.

ಇನ್ನು ಕಾಗದಪತ್ರ. ಪಾಯ ತೋಡುವ ಮೊದಲು ನೆಲ ಯಾರದೆಂದು ನೋಡಬೇಕು. ಕಂಪೆನಿಯ ನೆಲ, ಗೋಮಾಳ, ಕೆರೆಯಂಗಳ, ರೈಲ್ವೆ ಅಂಚು - ಇವುಗಳ ಮೇಲೆ ದಾನದ ಹಣ ಸುರಿದರೆ ನಾಳೆ ಕಣ್ಣೀರೇ ಗತಿ. ಮನೆ ಕೆಡವುವುದನ್ನೇ ಪರಾಕ್ರಮವೆಂದು ಮೆರೆಸುವ ರಾಜಕೀಯವನ್ನು ಈ ದೇಶ ಕಂಡಿದೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು, ಒಬ್ಬನು ಆರೋಪಿಯೆಂಬ ಕಾರಣಕ್ಕೆ ಅವನ ಮನೆ ಕೆಡವುವಂತಿಲ್ಲ, ಕನಿಷ್ಠ 15 ದಿನಗಳ ನೋಟೀಸು ಕೊಡದೆ ಯಾವ ಕಟ್ಟಡವನ್ನೂ ಕೆಡವುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಆದರೆ ರಸ್ತೆ, ರೈಲು ಹಳಿ, ಜಲಮೂಲಗಳ ಮೇಲಿನ ಕಟ್ಟಡಗಳಿಗೆ ಆ ರಕ್ಷಣೆಯಿಲ್ಲ. ಹಕ್ಕುಪತ್ರ, ಖಾತೆ, ಕಂದಾಯದ ರಸೀದಿ - ಇವು ಇಟ್ಟಿಗೆಯಷ್ಟೇ ಮುಖ್ಯ. ಸ್ವಯಂಸೇವಕರಲ್ಲಿ ನಾಲ್ವರು ಕರಣೆಯ ಬದಲು ಕಡತ ಹಿಡಿದು ಪುರಸಭೆ, ನಗರಸಭೆಗಳಿಗೆ ಅಲೆಯಲಿ.

ಹನಫೀ ವಿದ್ವಾಂಸರ ಪ್ರಕಾರ ಝಕಾತ್ ಬಡವನ ಸ್ವಾಧೀನಕ್ಕೆ, ಅವನ ಒಡೆತನಕ್ಕೆ ಸಂಪೂರ್ಣವಾಗಿ ಹೋಗಬೇಕು. ಝಕಾತ್ ಹಣದ ಮನೆಯನ್ನು ಕಮಿಟಿಯ ಹೆಸರಿನಲ್ಲಿಟ್ಟುಕೊಂಡು, ಮಾತು ಕೇಳದಿದ್ದರೆ ಬಿಡಿಸುತ್ತೇವೆಂದು ಹೆದರಿಸುವುದು ಝಕಾತ್ ಅಲ್ಲ, ಜಮೀನ್ದಾರಿ. ತರಬೇತಿಯ ಖರ್ಚು, ಮೇಸ್ತ್ರಿಯ ಕೂಲಿ, ಸಲಕರಣೆ ಇವುಗಳನ್ನು ಸದಕಾದಿಂದ ಭರಿಸಿ, ಝಕಾತ್ ಭಾಗದ ಬಗ್ಗೆ ಉಲಮಾಗಳನ್ನು ಕೇಳಿ ನಡೆಯುವುದು ಕ್ಷೇಮ. ಸಾಧ್ಯವಿರುವೆಡೆ ಮನೆ ಹೆಂಗಸಿನ ಹೆಸರಿನಲ್ಲಿರಲಿ.

ಯಾರ ಮನೆ ಎಂಬ ಪ್ರಶ್ನೆಯೂ ಬಂದಿದೆ. ಒಬ್ಬ ಸಹೋದರರು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ: ನಮ್ಮವರಿಗೇ ಇಲ್ಲದಿರುವಾಗ ಇತರರಿಗೆ ಹೇಗೆ? ಗಣಿಯೊಳಗೆ ಬಂಡೆ ಕುಸಿದಾಗ ಅದು ತಮಿಳು ಮಾತಾಡುವ ದಲಿತನನ್ನೂ, ಉರ್ದು ಮಾತಾಡುವ ಮುಸ್ಲಿಮನನ್ನೂ, ಕ್ರೈಸ್ತನನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಲಿಲ್ಲ. ಲೈನ್ ಮನೆಗಳಲ್ಲಿ ಗೋಡೆಗೆ ಗೋಡೆ ತಾಗಿ ಬದುಕಿದವರು ನಾವು. ನೆರೆಯವನ ಹಕ್ಕನ್ನು ಕಲಿಸಿದ ಪ್ರವಾದಿವರ್ಯರು(ಸ) ಅವನ ಧರ್ಮವನ್ನು ಕೇಳಿ ಬನ್ನಿರೆಂದು ಹೇಳಲಿಲ್ಲ. ಝಕಾತ್‌ಗೆ ಅದರದೇ ನಿಯಮಗಳಿವೆ, ಸರಿ. ಶ್ರಮದಾನಕ್ಕೆ ಅಂತಹ ಗಡಿಯಿಲ್ಲ. ಸೋರುವ ಮಾಡನ್ನು ಸರಿಪಡಿಸುವಾಗ ಕೆಳಗಿರುವವರ ಹೆಸರು ಕೇಳಬೇಕಾಗಿಲ್ಲ.

ಹೊಸ ಮನೆಯಿಂದಲೇ ಆರಂಭಿಸಬೇಕೆಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಸರಕಾರದ ವಸತಿ ಯೋಜನೆಗಳಲ್ಲಿ ಹಣ ಕಂತು ಕಂತಾಗಿ ಬರುತ್ತದೆ: ಪಾಯಕ್ಕೊಂದು, ಲಿಂಟಲ್ ಮಟ್ಟಕ್ಕೊಂದು, ಮಾಡಿಗೊಂದು. ಮುಂದಿನ ಹಂತಕ್ಕೆ ಕೈಯಲ್ಲಿ ಕಾಸಿಲ್ಲದೆ ಲಿಂಟಲ್ ಮಟ್ಟದಲ್ಲೇ ನಿಂತು, ಒಳಗೆ ಗಿಡಗಂಟಿ ಬೆಳೆದ ಮನೆಗಳು ನಮ್ಮ ಎರಡೂ ಊರುಗಳ ಸುತ್ತ ಇವೆ. ಅಂತಹ ಒಂದು ಮನೆಯನ್ನು ಮುಂದಿನ ಹಂತಕ್ಕೆ ಎತ್ತಿ ನಿಲ್ಲಿಸಿದರೆ ತಡೆದು ನಿಂತ ಕಂತು ತಾನಾಗಿ ಬಿಡುಗಡೆಯಾಗುತ್ತದೆ. ಮತ್ತು ನಮ್ಮ ಗಾರೆ ಕೆಲಸದ ಬಂಧುಗಳ ಬಗ್ಗೆ: ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. 1996ರ ಕಾಯಿದೆಯಿಂದ ಬಂದ ಹಕ್ಕು ಅದು. ಕಲಿಯಲು ಬರುವ ಪ್ರತಿಯೊಬ್ಬ ವಿದ್ಯಾವಂತನೂ ತನಗೆ ಕಲಿಸುವ ಮೇಸ್ತ್ರಿಯ ನೋಂದಣಿ ಅರ್ಜಿಯನ್ನು ತುಂಬಿಕೊಡಲಿ.

ಕೋಲಾರದ ಸೀಮೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಅದಕ್ಕೆ ಮೊದಲು ಎರಡು ಊರುಗಳಲ್ಲಿ ತೀರಾ ಸೋರುವ ಕೆಲವು ಮನೆಗಳನ್ನಾದರೂ ಹಿಡಿಯಬೇಕು. ಬರುವ ಭಾನುವಾರ ಫಜ್ರ್ ನಮಾಝಿನ ಬಳಿಕ ಮೊದಲ ಪಾಠ. ಹಳೆಯ ಬಟ್ಟೆ, ಮುಚ್ಚಿದ ಪಾದರಕ್ಷೆ ಧರಿಸಿ ಬನ್ನಿರಿ. ಒಂದು ಗಾಜಿನ ಬಾಟಲಿ, ಒಂದು ಅಳತೆ ಪಟ್ಟಿ ತನ್ನಿರಿ. ಅಂದು ಯಾರೂ ಮನೆ ಕಟ್ಟುವುದಿಲ್ಲ. ಒಂದು ಮೂಲೆ ಗೋಡೆಯನ್ನು ಎದೆಯೆತ್ತರಕ್ಕೆ ಕಟ್ಟಿ, ಗುಂಡು ಬಿಟ್ಟು ನೋಡಿ, ಸಂಜೆ ಅದನ್ನು ನೀವೇ ಬಿಚ್ಚಿ ಇಟ್ಟಿಗೆ ತೊಳೆದಿಡುತ್ತೀರಿ. ಕಲಿಸಲು ಬರುವ ಇಬ್ಬರು ಮೇಸ್ತ್ರಿಗಳು ಆ ದಿನದ ದುಡಿಮೆ ಬಿಟ್ಟು ಬರುತ್ತಿದ್ದಾರೆ. ಅವರ ಪೂರ್ಣ ಕೂಲಿಯನ್ನು ಬೆವರು ಆರುವ ಮುನ್ನವೇ ಕೊಡಲು ಹಣ ತೆಗೆದಿರಿಸಲಾಗಿದೆ.